ಆಪರೇಟರ್ ರೂಮಿನ ಕಿಂಡಿಯಿಂದ: ಈ ಸಲ ನಮ್ಮ ತಿಪಟೂರಿನ ನರಸಿಂಹರಾಜು

ಹೋದ ತಿಂಗಳು ಯಾವುದೋ ಮಾತಿಗೆ ‘ನರಸಿಂಹರಾಜು ಪರದೆ ಮೇಲೆ ಬಂದರೆ ಟೆಂಟಿನ ಕಂಬವೂ ನಗುತ್ತಿತ್ತು’ ಎಂದು ಒಂದು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಕಾಗದ ಬಂದಿವೆ. ಅದಕ್ಕೆ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಅವರೊಬ್ಬರ ಬಗ್ಗೆಯೇ ಉತ್ತರ ಬರೆದಿದ್ದೇನೆ. ಹೊಸ ಓದುಗರಿಗೆ ನನ್ನ ಗುರುತು ಹೇಳಿಬಿಡುತ್ತೇನೆ. ಗುಬ್ಬಿ ತಾಲ್ಲೂಕಿನ ಒಂದು ಟೂರಿಂಗ್ ಟಾಕೀಸಿನಲ್ಲಿ, ಅಂದರೆ ಟೆಂಟ್ ಸಿನಿಮಾದಲ್ಲಿ, ರೀಲು ಸುತ್ತುವ ಹುಡುಗನಾಗಿ ಸೇರಿದವನು ನಾನು. ಆಮೇಲೆ ಆಪರೇಟರ್ ಆದೆ. ಈಗ ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಬ್ಬರು ಓದುಗರು ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ. ಟೆಂಟಿನಲ್ಲೂ ನಾವು ಜನರನ್ನು ಕರೆಯುತ್ತಿದ್ದದ್ದು ಊರಿನ ಹೆಸರಿನಿಂದಲೇ.

ಆಪರೇಟರ್ ಸಾರ್, ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ನರಸಿಂಹರಾಜು ನಮ್ಮೂರಿನವರು ಅಂದರೆ ನಮ್ಮ ಅಳಿಯಂದಿರು ಒಪ್ಪುತ್ತಿಲ್ಲ. ‘ಇಲ್ಲ ಮಾವ, ಅವರು ಮೈಸೂರು ಕಡೆಯವರು’ ಅಂತಾರೆ. ಯಾರು ಸರಿ? – ತಿಪಟೂರು

ನೀವೇ ಸರಿ. ಆದರೆ ಅಳಿಯಂದಿರ ಹತ್ತಿರ ಗೆದ್ದ ಹಾಗೆ ಹೇಳಬೇಡಿ, ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿ. ಅವರ ಹೆಸರಿನ ಮುಂದೆ ಟಿ.ಆರ್. ಅಂತ ಇರುತ್ತಿತ್ತಲ್ಲ, ಅದರಲ್ಲಿ ‘ಟಿ’ ಅಂದರೆ ತಿಪಟೂರು, ‘ಆರ್’ ಅಂದರೆ ತಂದೆ ರಾಮರಾಜು. ಹುಟ್ಟಿದ್ದು 1923ರ ಜುಲೈ 24. ಊರನ್ನು ಹೆಸರಿನಲ್ಲೇ ಹೊತ್ತುಕೊಂಡು ತಿರುಗಿದ ಮನುಷ್ಯನನ್ನು ಇನ್ನೊಂದು ಊರಿಗೆ ಬರೆದುಕೊಟ್ಟರೆ ಹೇಗೆ?

ಸಾರ್, ನಾನು ಬಿ.ಎ. ಓದುತ್ತಿದ್ದೇನೆ. ನರಸಿಂಹರಾಜು ಸಿನಿಮಾಕ್ಕೆ ಬಂದದ್ದು ಹೇಗೆ? ಆಗ ಆಡಿಷನ್ ಎಲ್ಲ ಇತ್ತಾ? – ಶಿರಾ

ಆಡಿಷನ್ ಇತ್ತಮ್ಮ. ಆದರೆ ಅದು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ನಡೆಯಿತು. ಅದರ ಹೆಸರು ಕಂಪನಿ ನಾಟಕ.

ಇನ್ನೂ ಸ್ಕೂಲಿಗೆ ಹೋಗಬೇಕಾದ ವಯಸ್ಸಿನಲ್ಲೇ ಅವರು ನಾಟಕದ ಕಂಪನಿ ಸೇರಿದರು. ಮಕ್ಕಳ ಪಾತ್ರದಿಂದ ಶುರು. ಆಗಿನ ಕಂಪನಿಗಳಲ್ಲಿ ಹುಡುಗರಿಗೆ ಒಂದು ಮೆಟ್ಟಿಲ ಸಾಲು ಇರುತ್ತಿತ್ತು. ಮೊದಲು ಲೋಹಿತಾಶ್ವ, ಪ್ರಹ್ಲಾದ. ಗಂಟಲು ಒಡೆದ ಮೇಲೆ ಸಖನೋ ದೂತನೋ. ಮೀಸೆ ಬಂದ ಮೇಲೆ ಯಾರು ರಾಜ, ಯಾರು ಹಾಸ್ಯ ಎಂದು ತೀರ್ಮಾನ. ಸಣಕಲು ಮೈ, ಉದ್ದ ಮುಖ, ಮುಂದೆ ಬಂದ ಹಲ್ಲು. ಈ ಮೂರೂ ಇದ್ದವರಿಗೆ ರಾಜನ ಕಿರೀಟ ಯಾರು ಕೊಡುತ್ತಾರೆ? ಹಾಸ್ಯದ ಪಾಲಾಯಿತು. ನಮ್ಮ ಪುಣ್ಯ.

ಕೊನೆಗೆ ಗುಬ್ಬಿ ಕಂಪನಿ ಸೇರಿದರು. ಇಲ್ಲಿ ಒಂದು ವಿಷಯ ಗಮನಿಸು. ಬೇರೆ ಎಷ್ಟೋ ಕಂಪನಿಗಳಲ್ಲಿ ಯಜಮಾನನೇ ಹೀರೋ. ಹಾಸ್ಯದವನು ಸೀನ್ ಬದಲಾಯಿಸುವ ಹೊತ್ತಿಗೆ ಪರದೆ ಮುಂದೆ ಬಂದು ಹೊತ್ತು ಕಳೆಯುವವನು. ಗುಬ್ಬಿ ಕಂಪನಿಯಲ್ಲಿ ಹಾಗಲ್ಲ. ಅಲ್ಲಿ ಯಜಮಾನರಾದ ಗುಬ್ಬಿ ವೀರಣ್ಣನವರೇ ದೊಡ್ಡ ಹಾಸ್ಯನಟ. ‘ಸದಾರಮೆ’ಯಲ್ಲಿ ಅವರು ಮಾಡುತ್ತಿದ್ದ ಕಳ್ಳನ ಪಾತ್ರ ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ತಂದು ನಿಲ್ಲಿಸಿದ ಪುಣ್ಯಾತ್ಮರು ಅವರು. ಆ ಆನೆಯ ಮುಂದೆಯೂ ಜನಕ್ಕೆ ಬೇಕಾಗಿದ್ದು ವೀರಣ್ಣನವರ ಕಳ್ಳ! ಹಾಸ್ಯಕ್ಕೆ ಎಂಥ ಮರ್ಯಾದೆ ಇದೆ ಎಂದು ನರಸಿಂಹರಾಜು ಅಲ್ಲಿ ಕಣ್ಣಾರೆ ನೋಡಿದರು. ಅವರು ಆಮೇಲೆ ಸಿನಿಮಾದಲ್ಲಿ ಎಂದೂ ಹೀರೋನ ಬಾಲದ ಹಾಗೆ ಕಾಣಲಿಲ್ಲ ನೋಡು, ಅದರ ಬೇರು ಇಲ್ಲಿದೆ ಎಂದು ನನ್ನ ಲೆಕ್ಕ.

1954ರಲ್ಲಿ ವೀರಣ್ಣನವರ ಸಂಸ್ಥೆ ಮದರಾಸಿನ ಎವಿಎಂ ಸ್ಟುಡಿಯೋ ಜೊತೆ ಸೇರಿ ‘ಬೇಡರ ಕಣ್ಣಪ್ಪ’ ತೆಗೆಯಿತು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ರಾಜ್‌ಕುಮಾರ್ ನಾಯಕನಾಗಿ ಬಂದ ಮೊದಲ ಸಿನಿಮಾ ಅದು. ನರಸಿಂಹರಾಜು ಅವರಿಗೂ ಅದೇ ಮೊದಲ ಸಿನಿಮಾ. ಇಬ್ಬರೂ ಕಂಪನಿ ಅನ್ನ ಉಂಡು ಬೆಳೆದವರು. ಅಲ್ಲಿಂದ ಮುಂದೆ 25 ವರ್ಷ, 250ಕ್ಕೂ ಹೆಚ್ಚು ಚಿತ್ರ. ಆಡಿಷನ್ ಬಗ್ಗೆ ಕೇಳಿದೆಯಲ್ಲ, ಇಷ್ಟು ಸಾಕಾ?

ತಾತ, ಅವರ ಹಲ್ಲು ನಿಜವಾದದ್ದಾ, ಕಟ್ಟಿಸಿಕೊಂಡದ್ದಾ? ನಾನು ಆರನೇ ಕ್ಲಾಸು. – ಮಧುಗಿರಿ

ದೇವರು ಕೊಟ್ಟದ್ದೇ ಮರಿ. ಬಾಯಿ ಮುಚ್ಚಿದ್ದಾಗಲೂ ಒಳಗೆ ನಗು ಇದೆ ಅನ್ನಿಸುತ್ತಿತ್ತು. ನಿನಗೂ ಹಾಗೆ ಹಲ್ಲಿದ್ದು ಯಾರಾದರೂ ರೇಗಿಸುತ್ತಿದ್ದರೆ, ಅವರಿಗೆ ಒಂದು ನರಸಿಂಹರಾಜು ಸಿನಿಮಾ ತೋರಿಸು.

ಸಾಲ ಕೊಟ್ಟವನು ದಿನಾ ಬಾಗಿಲಿಗೆ ಬಂದರೆ ನಮ್ಮ ಅತ್ತೆ ‘ನಕ್ಷತ್ರಿಕ ಬಂದ’ ಅನ್ನುತ್ತಿದ್ದರು. ಇದು ನರಸಿಂಹರಾಜು ಸಿನಿಮಾದಿಂದ ಬಂದ ಮಾತಾ? ನಾನು ಪ್ರೈಮರಿ ಟೀಚರ್, ಮಕ್ಕಳಿಗೆ ಹೇಳಬೇಕು. – ತುಮಕೂರು

ಇಲ್ಲ ಮೇಡಂ, ಮಾತು ಸಿನಿಮಾಕ್ಕಿಂತ ಬಹಳ ಹಳೆಯದು. ಹರಿಶ್ಚಂದ್ರನ ಕತೆಯಿಂದ ಬಂದದ್ದು. ರಾಜ್ಯ ಕಿತ್ತುಕೊಂಡ ಮೇಲೂ ವಿಶ್ವಾಮಿತ್ರರಿಗೆ ಬಾಕಿ ಹಣ ಬರಬೇಕಿತ್ತು. ವಸೂಲಿಗೆ ಅಂತ ಹಿಂದೆ ಕಳಿಸಿದ ಶಿಷ್ಯನೇ ನಕ್ಷತ್ರಿಕ. ನಮ್ಮ ರಾಘವಾಂಕನ ಕಾವ್ಯದಲ್ಲೂ ಇದ್ದಾನೆ. ಹಳ್ಳಿ ನಾಟಕಗಳಲ್ಲಂತೂ ಅವನಿಲ್ಲದೆ ಹರಿಶ್ಚಂದ್ರ ಕಾಶಿ ಮುಟ್ಟುವುದೇ ಇಲ್ಲ.

ಆದರೆ ಒಂದು ನಿಜ. ಈಗ ನಕ್ಷತ್ರಿಕ ಅಂದ ಕೂಡಲೇ ನಮ್ಮ ವಯಸ್ಸಿನವರ ಕಣ್ಣಿಗೆ ಬರುವ ಮುಖ ನರಸಿಂಹರಾಜು ಅವರದು. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ ‘ಸತ್ಯ ಹರಿಶ್ಚಂದ್ರ’, 1965. ರಾಜ್‌ಕುಮಾರ್ ಹರಿಶ್ಚಂದ್ರ, ಪಂಢರಿಬಾಯಿ ಚಂದ್ರಮತಿ, ವೀರಬಾಹುವಾಗಿ ಎಂ.ಪಿ. ಶಂಕರ್. ‘ಕುಲದಲ್ಲಿ ಕೀಳ್ಯಾವುದೋ’ ಹಾಡು ಬರುವುದು ಇದರಲ್ಲೇ. ಆ ಹಾಡಿಗೆ ನಮ್ಮ ಟೆಂಟಿನಲ್ಲಿ ನೆಲದ ಟಿಕೆಟಿನವರು ಎದ್ದು ಕುಣಿದು ಧೂಳೆಬ್ಬಿಸುತ್ತಿದ್ದರು. ಬೆಳಕಿನ ಕೋಲಿನಲ್ಲಿ ಆ ಧೂಳು ಹೊಗೆಯ ಹಾಗೆ ಸುತ್ತುತ್ತಿತ್ತು. ಸ್ವಲ್ಪ ಹೊತ್ತು ಪರದೆ ಮೇಲೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

ಈಗ ನಕ್ಷತ್ರಿಕನ ಕಷ್ಟ ಏನು ಅಂತ ನೋಡಿ. ಕತೆ ಪೂರ್ತಿ ಅಳು. ರಾಜ್ಯ ಹೋಯಿತು, ಹೆಂಡತಿ ಮಗನನ್ನು ಮಾರಬೇಕು, ಕೊನೆಗೆ ತನ್ನನ್ನೇ ಮಾರಿಕೊಂಡು ಸುಡುಗಾಡು ಕಾಯಬೇಕು. ಇದರ ನಡುವೆ ಒಬ್ಬ ಬಂದು ‘ದುಡ್ಡು ಕೊಡು’ ಅಂತ ಪೀಡಿಸಬೇಕು, ಜನ ನಗಬೇಕು. ಸ್ವಲ್ಪ ಕ್ರೂರವಾಗಿ ಮಾಡಿದರೆ ಜನ ಬೈಯುತ್ತಾರೆ. ತೀರಾ ಕೋಡಂಗಿ ಮಾಡಿದರೆ ಹರಿಶ್ಚಂದ್ರನ ಕಷ್ಟ ಹಗುರಾಗುತ್ತದೆ. ನರಸಿಂಹರಾಜು ಮಾಡಿದ್ದು ಏನೆಂದರೆ, ಇವನೂ ಪಾಪ ಗುರುವಿನ ಕೈಗೆ ಸಿಕ್ಕಿಬಿದ್ದ ಆಳು ಅನ್ನಿಸುವ ಹಾಗೆ ಮಾಡಿದರು. ಈ ಕಡೆ ರಾಜ, ಆ ಕಡೆ ವಿಶ್ವಾಮಿತ್ರ. ನಡುವೆ ಒಬ್ಬ ಬಡಪಾಯಿ ವಸೂಲಿಯವನು. ಬ್ಯಾಂಕು, ಫೈನಾನ್ಸುಗಳಲ್ಲಿ ವಸೂಲಿ ಕೆಲಸ ಮಾಡುವ ಹುಡುಗರನ್ನು ನೋಡಿದಾಗ ನನಗೆ ಈಗಲೂ ಆ ಮುಖ ನೆನಪಾಗುತ್ತದೆ. ಬೈಯಲು ಬಾಯಿ ಬರುವುದಿಲ್ಲ.

ಮಕ್ಕಳಿಗೆ ತೋರಿಸುವುದಾದರೆ, 2008ರಲ್ಲಿ ಇದಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದಾರೆ. ನಾನಂತೂ ಕಪ್ಪು ಬಿಳುಪಿನದ್ದೇ ನೋಡಿ ಅನ್ನುತ್ತೇನೆ. ಹಳಬರ ಹಟ ಅಂದುಕೊಳ್ಳಿ.

ನಿಮ್ಮ ತುಮಕೂರಿನವರ ಬಗ್ಗೆಯೇ ಬರೆದುಕೊಳ್ಳುತ್ತೀರಿ. ನಮ್ಮ ಕೋಲಾರದ ಸಂಬಂಧ ಏನೂ ಇಲ್ವಾ? – ಬಂಗಾರಪೇಟೆ

ಇದೆ ಸ್ವಾಮಿ, ಕೋಪ ಬೇಡ. ಬಿ.ಆರ್. ಪಂತುಲು ನಿಮ್ಮ ಕೋಲಾರದ ಕಡೆಯವರು. ‘ಸ್ಕೂಲ್ ಮಾಸ್ಟರ್’, ‘ಕಿತ್ತೂರು ಚೆನ್ನಮ್ಮ’ ತೆಗೆದವರು. ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರಿಗೆ ‘ವೀರಪಾಂಡ್ಯ ಕಟ್ಟಬೊಮ್ಮನ್’, ‘ಕರ್ಣನ್’ ಮಾಡಿದವರೂ ಅವರೇ. 1970ರಲ್ಲಿ ‘ಶ್ರೀ ಕೃಷ್ಣದೇವರಾಯ’ ತೆಗೆದಾಗ ರಾಜ್‌ಕುಮಾರ್ ರಾಯರಾದರು, ಪಂತುಲು ತಾವೇ ತಿಮ್ಮರಸು ಆದರು. ತೆನಾಲಿ ರಾಮಕೃಷ್ಣ ಯಾರು? ನಮ್ಮ ತಿಪಟೂರಿನವರು. ಕೋಲಾರದ ಮಂತ್ರಿ, ತುಮಕೂರಿನ ವಿದೂಷಕ. ಸಮಾಧಾನ ಆಯ್ತಾ?

ಬಾಲಕೃಷ್ಣ ದೊಡ್ಡವರಾ, ನರಸಿಂಹರಾಜು ದೊಡ್ಡವರಾ? ನಮ್ಮ ಟೀ ಅಂಗಡಿಯಲ್ಲಿ ಇದೇ ವಾದ. – ಚಿಕ್ಕನಾಯಕನಹಳ್ಳಿ

ಟೀ ಆರಿ ಹೋಗುತ್ತೆ, ಮೊದಲು ಕುಡಿಯಿರಿ.

ಇಬ್ಬರ ಸರಕೂ ಬೇರೆ ಬೇರೆ. ಅರಸೀಕೆರೆಯ ಬಾಲಣ್ಣನವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದರೂ ಎದುರಿನವರ ಮಾತು ಮುಗಿದ ಕ್ಷಣಕ್ಕೇ ಅವರ ಮಾತು ಬೀಳುತ್ತಿತ್ತು. ಅವರು ಹಾಸ್ಯವನ್ನೂ ಮಾಡಿದರು, ಮನೆಹಾಳ ಕುತಂತ್ರಿಯನ್ನೂ ಮಾಡಿದರು. ನಗಿಸುತ್ತಲೇ ನಿಮಗೆ ಅವರ ಮೇಲೆ ಸಿಟ್ಟು ಬರಿಸಬಲ್ಲವರು. ನರಸಿಂಹರಾಜು ಮೇಲೆ ಸಿಟ್ಟು ಬರಲು ಸಾಧ್ಯವೇ ಇರಲಿಲ್ಲ. ತಪ್ಪು ಮಾಡಿದರೂ ನಮ್ಮ ಮನೆ ಹುಡುಗನೇ ಮಾಡಿದ ಹಾಗಿರುತ್ತಿತ್ತು. ಇಬ್ಬರೂ ಒಂದೇ ಸೀನಿನಲ್ಲಿದ್ದರೆ ಒಬ್ಬರು ಹೆಣೆದ ಬಲೆಗೆ ಇನ್ನೊಬ್ಬರು ಬೀಳುವುದು. ಬಲೆ ಹೆಣೆಯುವವನು ದೊಡ್ಡವನೋ ಬೀಳುವವನು ದೊಡ್ಡವನೋ ಎಂದು ಕೇಳಿದರೆ ನನ್ನ ಓಟು ಬೀಳುವವನಿಗೆ. ಅಂದವಾಗಿ ಬೀಳುವುದು ಕಷ್ಟ.

ಇನ್ನೊಂದು ಮಾತು. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಸಿನಿಮಾ ತೀರಾ ಕಡಿಮೆಯಾಗಿ ಕಲಾವಿದರಿಗೆ ಕೆಲಸವೇ ಇಲ್ಲದ ಹಾಗಾಯಿತು. ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಮತ್ತೆ ಬಣ್ಣ ಹಚ್ಚಿಕೊಂಡು ಊರೂರು ಸುತ್ತಿ ನಾಟಕ ಆಡಿದರು. ಆ ಸಂಘದಿಂದಲೇ 1960ರಲ್ಲಿ ‘ರಣಧೀರ ಕಂಠೀರವ’ ಬಂತು. ಯಾರು ದೊಡ್ಡವರು ಎಂದು ಆಗ ಅವರು ವಾದ ಮಾಡುತ್ತಾ ಕೂತಿದ್ದರೆ ನಿಮ್ಮ ಟೀ ಅಂಗಡಿಗೆ ಈ ವಿಷಯವೇ ಇರುತ್ತಿರಲಿಲ್ಲ.

ಅವರು ಬರೀ ಹಾಸ್ಯವೇ ಮಾಡಿದ್ದಾ? ತೀರಿಕೊಂಡದ್ದು ಯಾವಾಗ? – ಗೌರಿಬಿದನೂರು

1974ರಲ್ಲಿ ತಾವೇ ನಿರ್ಮಾಪಕರಾಗಿ ‘ಪ್ರೊಫೆಸರ್ ಹುಚ್ಚೂರಾಯ’ ಮಾಡಿದರು. ಹೆಸರಿನ ಪಾತ್ರವೂ ಅವರದ್ದೇ. ಆಗ ಹೊಸಬರಾಗಿದ್ದ ವಿಷ್ಣುವರ್ಧನ್ ಕೂಡ ಅದರಲ್ಲಿದ್ದಾರೆ. ಅದಕ್ಕೂ ಮೊದಲು ‘ಜೇಡರ ಬಲೆ’ಯಂಥ ಪತ್ತೇದಾರಿ ಚಿತ್ರದಲ್ಲೂ ರಾಜ್‌ಕುಮಾರ್ ಜೊತೆ ಓಡಾಡಿದರು. ಪುರಾಣದ ಪಂಚೆ ಹೋಗಿ ಪ್ಯಾಂಟು ಬಂದರೂ ಮೈ ಮಾತ್ರ ಕಂಪನಿ ನಾಟಕದ್ದೇ. ತೀರಿಕೊಂಡದ್ದು 1979ರ ಜುಲೈನಲ್ಲಿ. 56 ತುಂಬಲು ಕೆಲವೇ ದಿನ ಬಾಕಿ ಇತ್ತು.

ಅಣ್ಣಾ, ನೀವು ಎಷ್ಟೋ ಸಾವಿರ ಶೋ ಹಾಕಿದವರು. ಆಪರೇಟರ್ ಕಣ್ಣಿಗೆ ನರಸಿಂಹರಾಜು ಬೇರೆಯವರಿಗಿಂತ ಹೇಗೆ ಬೇರೆ? ನಾವು ಕೆಳಗೆ ಕೂತು ನಗುತ್ತಿದ್ದೆವು. ಮೇಲಿನ ಕಿಂಡಿಯಿಂದ ನಿಮಗೆ ಏನು ಕಾಣುತ್ತಿತ್ತು? – ಗುಬ್ಬಿ

ಇಂಥ ಪ್ರಶ್ನೆಗೇ ಕಾಯುತ್ತಿದ್ದೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ರೂಮು ಮೇಲೆ ಇರಲಿಲ್ಲ. ಟೆಂಟಿನ ಹಿಂದೆ ತಗಡಿನ ಒಂದು ಗೂಡು. ಒಂದೇ ಪ್ರೊಜೆಕ್ಟರ್. ಕಾರ್ಬನ್ ಕಡ್ಡಿಯ ಬೆಳಕು. ಕಡ್ಡಿ ಉರಿದು ಸವೆದ ಹಾಗೆ ಕೈಯಿಂದ ತಿರುಗಿಸಿ ಹತ್ತಿರ ತರಬೇಕು. ಮರೆತರೆ ಪರದೆ ಹಳದಿ ತಿರುಗಿ, ನೆಲದಿಂದ ಸಿಳ್ಳೆ ಮತ್ತು ನಮ್ಮ ವಂಶದ ಬಗ್ಗೆ ಮಾತು. ಹಾಗಾಗಿ ಆಪರೇಟರ್ ಆದವನು ಸಿನಿಮಾ ನೋಡುವುದಿಲ್ಲ, ಕೇಳುತ್ತಾನೆ. ಸಿನಿಮಾ ಅಂದರೆ ನಮಗೆ ಸದ್ದು. ಪರದೆಯ ಸದ್ದು ಒಂದು, ಜನರ ಸದ್ದು ಇನ್ನೊಂದು.

ಹಾಗೆ ಕೇಳಿ ಕೇಳಿ ನಾನು ಕಂಡುಕೊಂಡದ್ದು ಇದು. ಎಷ್ಟೋ ಹಾಸ್ಯನಟರು ಒಂದು ನಗೆಮಾತು ಹೇಳಿದ ಕೂಡಲೇ ಮುಂದಿನದನ್ನು ಹೇಳಿಬಿಡುತ್ತಾರೆ. ಟೆಂಟಿನ ಜನ ಮೊದಲನೆಯದಕ್ಕೆ ನಗುತ್ತಿರುತ್ತಾರೆ, ಎರಡನೆಯದು ಆ ಗದ್ದಲದಲ್ಲಿ ಕೊಚ್ಚಿ ಹೋಗುತ್ತದೆ. ನರಸಿಂಹರಾಜು ಮಾತು ಒಂದೂ ಹೋಗುತ್ತಿರಲಿಲ್ಲ. ಒಂದು ಮಾತು ಆಡಿ, ಸುಮ್ನೆ ಏನೋ ಒಂದು ಮಾಡುತ್ತಿದ್ದರು. ಶಲ್ಯ ಸರಿ ಮಾಡುವುದು, ಎದುರಿನವರನ್ನು ಮೇಲಿಂದ ಕೆಳಗೆ ನೋಡುವುದು, ಬಾಯಿ ತೆರೆದು ಮತ್ತೆ ಮುಚ್ಚುವುದು. ಜನರ ನಗು ಏರಿ ಇಳಿಯುವಷ್ಟು ಹೊತ್ತು. ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತು. ಯೋಚನೆ ಮಾಡಿ, ಶೂಟಿಂಗ್ ಮಾಡುವಾಗ ಎದುರಿಗೆ ಯಾರಿರುತ್ತಾರೆ? ಕ್ಯಾಮೆರಾ, ಲೈಟ್‌ಬಾಯ್. ಯಾರೂ ನಗುವ ಹಾಗಿಲ್ಲ. ಮದರಾಸಿನ ಸ್ಟುಡಿಯೋದಲ್ಲಿ ನಿಂತು, ಎರಡು ವರ್ಷ ಆದಮೇಲೆ ಗುಬ್ಬಿ ತಾಲ್ಲೂಕಿನ ಟೆಂಟಿನಲ್ಲಿ ನಗು ಎಷ್ಟು ಹೊತ್ತು ಇರುತ್ತದೆ ಎಂದು ಆ ಮನುಷ್ಯ ಲೆಕ್ಕ ಹಾಕಿದ್ದರು. ಕಂಪನಿಯಲ್ಲಿ ದಿನಾ ರಾತ್ರಿ ಆ ನಗುವನ್ನು ಕಿವಿಯಿಂದ ಅಳೆದವರಿಗೆ ಮಾತ್ರ ಬರುವ ಲೆಕ್ಕ ಅದು. ಬೇರೆ ನಟರ ರೀಲು ಓಡುವಾಗ ನಾನು ಕಡ್ಡಿ ನೋಡುತ್ತಿದ್ದೆ. ಅವರ ಸೀನು ಬಂದರೆ ಈ ಬಿಡುವು ಕೇಳಲು ಕಿಂಡಿಗೆ ಕಿವಿ ಕೊಡುತ್ತಿದ್ದೆ.

ಊರೂರಿಗೆ ಪ್ರಚಾರದ ಗಾಡಿ ಹೋಗುವಾಗಲೂ ಅಷ್ಟೆ. ಮೈಕಿನವನು ಹೀರೋ ಹೆಸರು ಒಂದು ಸಲ ಹೇಳುತ್ತಿದ್ದ. ‘ಜೊತೆಗೆ ನಿಮ್ಮ ನೆಚ್ಚಿನ ನರಸಿಂಹರಾಜು’ ಎಂದು ಪ್ರತಿ ಬೀದಿ ತಿರುವಿನಲ್ಲೂ ಹೇಳುತ್ತಿದ್ದ. ಹೇಳದಿದ್ದರೆ ಮಕ್ಕಳು ಗಾಡಿ ಹಿಂದೆ ಓಡಿಬಂದು ಕೇಳುತ್ತಿದ್ದವು, ‘ನರಸಿಂಹರಾಜು ಅವ್ನಾ ಇಲ್ವಾ?’

ನನ್ನ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಸತ್ಯ ಹರಿಶ್ಚಂದ್ರ’ ನಮ್ಮ ಟೆಂಟಿಗೆ ಬಂದದ್ದು ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ. ಪ್ರಿಂಟು ಆಗಲೇ ಎಷ್ಟೋ ಊರು ತಿರುಗಿ ಮಳೆ ಸುರಿಯುತ್ತಿತ್ತು. ಗೀಚು ಬಿದ್ದ ಪ್ರಿಂಟಿಗೆ ನಾವು ಹಾಗನ್ನುತ್ತೇವೆ. ಎರಡನೇ ದಿನ ನಮ್ಮ ಉಸ್ತಾದರು ಊಟಕ್ಕೆ ಹೋಗಿದ್ದರು. ಗೂಡಿನಲ್ಲಿ ನಾನೊಬ್ಬನೇ. ನಕ್ಷತ್ರಿಕನ ಸೀನು. ಅಂಚಿನ ತೂತು ಹರಿದು ರೀಲು ಪ್ರೊಜೆಕ್ಟರಿನ ಗೇಟಿನಲ್ಲಿ, ಬೆಳಕು ಬೀಳುವ ಜಾಗದಲ್ಲೇ, ಸಿಕ್ಕಿಕೊಂಡಿತು. ನಿಂತ ರೀಲಿಗೆ ಕಾರ್ಬನ್ ಶಾಖ ತಗುಲಿದರೆ ಏನಾಗುತ್ತದೆ ಗೊತ್ತಲ್ಲ. ಪರದೆ ಮೇಲೆ ನರಸಿಂಹರಾಜು ಮುಖದ ನಡುವೆ ಕಂದು ಗುಳ್ಳೆ ಎದ್ದು, ಹರಡಿ, ಬೆಳ್ಳಗಾಯಿತು. ಲೈಟು ಹಾಕಿ, ರೀಲು ತೆಗೆದು, ಸುಟ್ಟದ್ದರ ಆಚೆ ಈಚೆ ಗಾಬರಿಯಲ್ಲಿ ಜಾಸ್ತಿಯೇ ಕತ್ತರಿಸಿ, ಫಿಲಂ ಅಂಟಿಸುವ ಸಿಮೆಂಟ್ ಹಚ್ಚಿ ಜಾಯಿಂಟ್ ಹಾಕಿದೆ. ಮೂರು ಅಡಿ ಹೋಯಿತು. ಮೂರು ಅಡಿ ಅಂದರೆ ಎರಡು ಸೆಕೆಂಡು. ಯಾರಿಗೆ ಗೊತ್ತಾಗುತ್ತೆ ಅಂದುಕೊಂಡೆ.

ಮಾರನೆಯ ದಿನ ಅದೇ ಜಾಗ ಬಂತು. ಬಾಯಿ ಒಂದು ಆಡಿತು, ಮಾತು ಇನ್ನೊಂದು ಬಂತು, ನಗೆಮಾತಿನ ಕೊನೆ ಮಾಯ. ಇಂಟರ್‌ವಲ್‌ನಲ್ಲಿ ನಿಟ್ಟೂರು ಕಡೆಯ ಒಬ್ಬ ಅಜ್ಜ ಸೀದಾ ಗೂಡಿನ ಬಾಗಿಲಿಗೆ ಬಂದರು. ಮೂರು ದಿನದಿಂದ ಬಿಡದೆ ಬರುತ್ತಿದ್ದವರು. ‘ಏನ್ಲಾ ಹುಡುಗ, ನರಸಿಂಹರಾಜು ಮಾತು ನುಂಗ್ಬುಟ್ಟಿದ್ದೀಯಲ್ಲ, ಕಕ್ಕು’ ಅಂದರು. ಕರೆಂಟು ಕಾರಣ ಅಂದೆ. ‘ನಿನ್ನೆ ಇತ್ತು, ಇವತ್ತಿಲ್ಲ. ಕರೆಂಟು ಬರೀ ಅವನ ಮಾತನ್ನೇ ಆರಿಸ್ಕಂಡು ತಿಂತದಾ?’ ಎಂದು ನೆಲದ ಟಿಕೆಟಿನ ನಾಲ್ಕಾಣೆ ವಾಪಸ್ ಕೇಳಿದರು. ಯಜಮಾನರು ಕೊಟ್ಟರು, ಆಮೇಲೆ ನನ್ನ ಸಂಬಳದಲ್ಲಿ ಹಿಡಿದರು. ನಾಲ್ಕಾಣೆ ಹಿಡಿದಿದ್ದರೆ ಪರವಾಗಿಲ್ಲ, ಒಂದು ರೂಪಾಯಿ ಹಿಡಿದರು. ಅದು ಇವತ್ತಿಗೂ ನನಗೆ ಉರಿ.

ಆ ಮೂರು ಅಡಿ ತುಂಡು ಈಗಲೂ ನನ್ನ ಹತ್ತಿರ ಒಂದು ತಗಡಿನ ಡಬ್ಬಿಯಲ್ಲಿದೆ. ಹಳೆಯ ಫಿಲಂ ಕೆಟ್ಟರೆ ಹುಳಿ ವಾಸನೆ ಬರುತ್ತದೆ, ಡಬ್ಬಿ ತೆಗೆದರೆ ಮೂಗಿಗೆ ಹೊಡೆಯುತ್ತದೆ. ಮೊನ್ನೆ ಮೊಮ್ಮಗಳು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಎಣಿಸಿದಳು. 48 ಚೌಕ, ನಡುವೆ ಒಂದು ಸುಟ್ಟ ತೂತು. ‘ಎಲ್ಲಾ ಒಂದೇ ಥರ ಇದೆಯಲ್ಲ ತಾತ’ ಅಂದಳು. ಬಾಯಿ ನೋಡು ಅಂದೆ. ಮೊದಲನೆಯದರಲ್ಲಿ ಮುಚ್ಚಿದೆ. ಹತ್ತಿಪ್ಪತ್ತು ಚೌಕ ದಾಟುವ ಹೊತ್ತಿಗೆ ಹಲ್ಲು ಮೆಲ್ಲಗೆ ಹೊರಗೆ ಬಂದಿದೆ. ‘ಹಾಗಾದ್ರೆ ಆ ಅಜ್ಜ ಕೇಳಿದ ಮಾತು ಇದರಲ್ಲೇ ಇದೆಯಾ?’ ಎಂದು ಕೇಳಿದಳು. ಚಿತ್ರದ ಪಕ್ಕದಲ್ಲಿ ಅಂಕುಡೊಂಕು ಗೆರೆ ಇದೆಯಲ್ಲ, ಅದೇ ಮಾತು ಎಂದು ತೋರಿಸಿದೆ. ಆದರೆ ಫಿಲಂನಲ್ಲಿ ಮಾತು ತನ್ನ ಮುಖಕ್ಕಿಂತ ಸುಮಾರು 20 ಚೌಕ ಮುಂಚೆಯೇ ಇರುತ್ತದೆ. ಹಾಗಾಗಿ ಆ ಮಾತಿನ ಕೊನೆ ನನ್ನ ಡಬ್ಬಿಯಲ್ಲಿದೆ. ಅದನ್ನು ಆಡಿದ ಮುಖ ಪ್ರಿಂಟಿನ ಜೊತೆ ಪೆಟ್ಟಿಗೆ ಸೇರಿ, ಪ್ಯಾಸೆಂಜರ್ ರೈಲು ಹತ್ತಿ ಬೆಂಗಳೂರಿನ ಗಾಂಧಿನಗರಕ್ಕೆ ವಾಪಸ್ ಹೋಯಿತು.